ನಾಲ್ಕು ಬೆರಳು ಹಿಂದಕ್ಕೆ

ಧರ್ಮಪುರದಲ್ಲಿ ಗಾಡಿ ಮಾಡುವ ಕಾಟಪ್ಪನಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವನು ಒಬ್ಬನೇ, ದಾಸಣ್ಣ. ಬೆಂಗಳೂರಲ್ಲಿ ವಿಮಾನದ ಫಿಟ್ಟರ್ ಆಗಿದ್ದು ಊರಿಗೆ ಮರಳಿದವನು. ಎಪ್ಪತ್ತಾರನೇ ಇಸವಿಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯ ಚಿತ್ರ ನೋಡಿ, ಪುಟ್ಟ ರೆಕ್ಕೆ ಮುಂದೆ, ದೊಡ್ಡದು ಹಿಂದೆ ಇರುವ ವಿಮಾನದ ಮಾದರಿಯೊಂದನ್ನು ಇಬ್ಬರೂ ಬಿದಿರಲ್ಲಿ ಕಟ್ಟಿದರು. ಬಾಲ ಮುಂದಿಟ್ಟುಕೊಂಡು ಹಾರುವ ಹಕ್ಕಿ ಎಂದು ಊರವರು ನಕ್ಕರು.

ವಿಮಾನದ ಮೂಗಿಗೆ ಭಾರಕ್ಕೆಂದು ಸೀಸದ ತುಂಡು ಕಟ್ಟುತ್ತ ದಾಸಣ್ಣ ಹೇಳಿದ್ದ: "ವೇಗ ಕಮ್ಮಿ ಆದ್ರೆ ಮುಂದಿನ ರೆಕ್ಕೆನೇ ಮೊದ್ಲು ಎತ್ತೋ ಬಲ ಕಳ್ಕಂಡು ಸೋಲ್ಬೇಕು ಕಾಟಪ್ಪ. ಆಗ ಮೂಗು ತಗ್ಗತೈತೆ, ವೇಗ ಬತ್ತೈತೆ, ತಾನೇ ಸುಧಾರಿಸ್ಕತೈತೆ. ಹಿಂದಿನ ದೊಡ್ಡದು ಮೊದ್ಲು ಸೋತ್ರೆ ಮುಗೀತು. ಇಳಿಯೋವಾಗ್ಲೂ ಅಷ್ಟೇ, ಜೋರಾಗೇ ಇಳಿದು ಓಡ್ಬೇಕು."

ಕಾಟಪ್ಪ ಹೂಂ ಅಂದ. ಆದರೆ ಮೂವತ್ತು ವರ್ಷ ಗಾಡಿ ಮಾಡಿದ ಕೈ ಕೇಳಬೇಕಲ್ಲ. ಗಾಡಿ ಮುಂಭಾರವಾದರೆ ಎತ್ತಿನ ಕತ್ತು ಹುಣ್ಣಾಗುತ್ತದೆ. ಹೇರನ್ನು ಹಿಂದಕ್ಕೆ ಸರಿಸುವುದೇ ಧರ್ಮ. ಆ ಪುಟ್ಟ ರೆಕ್ಕೆಯ ಮೇಲೂ ಅವನಿಗೆ ಕನಿಕರ ಬಂತು. ದಾಸಣ್ಣ ಬೀಡಿ ಹಚ್ಚಲು ತಿರುಗಿದಾಗ ಸೀಸವನ್ನು ನಾಲ್ಕು ಬೆರಳು ಹಿಂದಕ್ಕೆ ಜರುಗಿಸಿಬಿಟ್ಟ.

ಕೆರೆ ಏರಿಯಿಂದ ಬಿಟ್ಟ ವಿಮಾನ ಮೂಗೆತ್ತಿತು, ನಿಂತಿತು, ಕೈಜಾರಿದ ಮೊರದಂತೆ ಚಪ್ಪಟೆಯಾಗಿ ಬಿದ್ದು ಮುರಿಯಿತು.

"ಲೆಕ್ಕ ನಂದೇ ತಪ್ಪೈತೆ ಬಿಡು," ಅಂದ ದಾಸಣ್ಣ.

ಸೀಸ ಸರಿಸಿದ್ದು ತಾನೇ ಎಂದು ಕಾಟಪ್ಪ ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಎರಡು ವರ್ಷವಾಯಿತು. ದಾಸಣ್ಣ ಅವನೆದುರು ಮತ್ತೆ ಆ ಸುದ್ದಿ ಎತ್ತಲಿಲ್ಲ. ಮೊನ್ನೆಯ ಮಾಗಿಯಲ್ಲಿ ಜ್ವರ ಬಂದು ತೀರಿಕೊಂಡ.

ಈಗ ಕಾಟಪ್ಪ ಕೆಲಸದ ನಡುವೆ ಅವನೊಂದಿಗೆ ಮಾತಾಡಲು ತಿರುಗುತ್ತಾನೆ, ಯಾರೂ ಇರುವುದಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಮಾಡಿಯಾದರೂ ತೋರಿಸಬೇಕು ಎನ್ನಿಸಿತು. ದಾಸಣ್ಣನ ಹೆಂಡತಿ ದುರುಗಕ್ಕನ ಅಟ್ಟದಿಂದ ವಿಮಾನ ಇಳಿಸಿ, ಮುರಿದದ್ದನ್ನು ಕಟ್ಟಿ, ಸೀಸವನ್ನು ಮೂಗಿಗೇ ಬಿಗಿದ. ಒಂದು ಸಂಜೆ ಅವಳನ್ನೂ ಏರಿಗೆ ಕರೆದೊಯ್ದ.

ವಿಮಾನ ಮೂಗೆತ್ತಿತು. ಮುಂದಿನ ರೆಕ್ಕೆ ಸೋತು ಮೂಗು ತಗ್ಗಿತು, ಮತ್ತೆ ಎದ್ದಿತು. ಹೀಗೇ ತಲೆದೂಗುತ್ತ ಹೋಗಿ, ಬತ್ತಿದ ಕೆರೆಯಂಗಳಕ್ಕೆ ಜೋರಾಗಿಯೇ ಇಳಿದು, ಕಾಟಪ್ಪ ಮಾಡಿಕೊಟ್ಟ ಪುಟ್ಟ ಗಾಲಿಗಳ ಮೇಲೆ ಬಹುದೂರ ಓಡಿ ನಿಂತಿತು. ಒಂದು ಕಡ್ಡಿಯೂ ಮುರಿಯಲಿಲ್ಲ.

ಕಾಟಪ್ಪ ಎಲ್ಲ ಹೇಳಿದ.

"ಜ್ವರದಾಗೂ ಲೆಕ್ಕ ಹಾಕ್ತಿದ್ರು, ಎಲ್ಲಿ ತಪ್ಪೈತೆ ಅಂತ," ಅಂದಳು ದುರುಗಕ್ಕ. "ನೀನು ದಿನಾ ಬಂದು ಪಕ್ಕದಾಗೇ ಕುಂತಿರ್ತಿದ್ದೆ, ಕಾಟಣ್ಣ."

ಅವಳು ಏರಿಯಿಂದ ಇಳಿದು ಮನೆಗೆ ಹೋದಳು. ವಿಮಾನ ಕೆರೆಯಂಗಳದಲ್ಲಿ ನೆಟ್ಟಗೆ ನಿಂತಿತ್ತು. ಅದನ್ನು ತರಲು ಕಾಟಪ್ಪನಿಗೆ ಕಾಲೇ ಬರಲಿಲ್ಲ.