ಗೌರಿಯ ಹಗ್ಗ

ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯ ಹಿಂದೆ ಕೊಟ್ಟಿಗೆಯಿತ್ತು, ಅದರಲ್ಲಿ ಗೌರಿ ಎಂಬ ಹಸು. ಹೊಲಗಳೆಲ್ಲ ಸೈಟುಗಳಾದ ಮೇಲೂ ಮನೆ ಓನರ್ ಮರಿಯಮ್ಮ ಅದೊಂದನ್ನು ಬಿಟ್ಟುಕೊಟ್ಟಿರಲಿಲ್ಲ. ಅವರ ಮಗ ದೀಪಕನಿಗೆ ಆ ವರ್ಷ ಎಮು ಹುಚ್ಚು ಹಿಡಿಯಿತು. ಗೌರಿಯನ್ನು ಮಾರಿ, ಬೇಗೂರಿನಲ್ಲಿ ಉಳಿದಿದ್ದ ಚೂರು ಜಮೀನಿಗೆ ಬೇಲಿ ಹಾಕಿ, ಆಳೆತ್ತರದ ಆ ಹಕ್ಕಿಗಳನ್ನು ಸಾಕುತ್ತಾನಂತೆ. ಮೊಟ್ಟೆ, ಮಾಂಸ, ಎಣ್ಣೆ ಎಲ್ಲವೂ ಚಿನ್ನವಂತೆ. ಕೊಳ್ಳುವವರು ಯಾರು ಎಂದರೆ ಮಾತ್ರ ಮತ್ತೆ ಮೊಟ್ಟೆಯಿಂದ ಶುರು ಮಾಡುತ್ತಿದ್ದ.

ಮರಿಯಮ್ಮ ಒಪ್ಪಿರಲಿಲ್ಲ. ನನಗೂ ಸಂಕಟವಾಯಿತು. ಹುಬ್ಬಳ್ಳಿ ಬಿಟ್ಟು ಬಂದ ಮೇಲೆ ಈ ಊರಿನಲ್ಲಿ ನನ್ನ ಗುರುತು ಹಿಡಿದು ತಲೆ ಎತ್ತುತ್ತಿದ್ದವಳು ಗೌರಿ ಒಬ್ಬಳೇ. ದೀಪಕನೋ, ಹೇಳಿದರೆ ಕೇಳುವ ಆಸಾಮಿಯಲ್ಲ. ಅದಕ್ಕೇ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಒಂದು ಹಾಸ್ಯ ನಾಟಕ ಬರೆದೆ. ಹಸು ಮಾರಿ ಎಮು ತಂದು ದಿವಾಳಿಯಾದ ಹುಡುಗನ ಕಥೆ. ನಾಯಕನ ಪಾರ್ಟು ಅವನಿಗೇ ಕೊಟ್ಟೆ.

ಗೋಣಿಚೀಲ ಹೊದ್ದು ಎಮುವಾಗಿದ್ದ ನನ್ನ ರೂಮ್‌ಮೇಟ್ ಬಸವಂತ ವೇದಿಕೆಯಿಂದ ಉರುಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯಲ್ಲಿ ದೀಪಕ ಖಾಲಿ ಹಗ್ಗ ಹಿಡಿದು, "ತಪ್ಪು ಮಾಡ್ಬಿಟ್ಟೆ ಅಮ್ಮ," ಎಂದು ಅತ್ತ. ಪಾತ್ರಕ್ಕಾಗಿ ಅತ್ತನೋ, ನಿಜಕ್ಕೂ ಅತ್ತನೋ ನನಗೆ ತಿಳಿಯಲಿಲ್ಲ. ಎದುರಿಗೆ ಕೂತಿದ್ದ ಮರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗೆದ್ದೆ ಅಂದುಕೊಂಡೆ.

ಪರದೆ ಬಿದ್ದ ಕೂಡಲೇ ಅವರು ವೇದಿಕೆಯ ಹಿಂದಕ್ಕೆ ಬಂದರು.

"ಗೌರೀನ ಮಾರ್ಬಿಡೋ ದೀಪು. ಎಮು ತಗೊಂಡ್ ಬಾ."

ನನಗೆ ತಲೆಬುಡ ಅರ್ಥವಾಗಲಿಲ್ಲ. "ಅಮ್ಮಾರ, ನಾಟಕದಾಗ ಅಂವಾ ಮುಳುಗಿಹೋದ್ನಲ್ರೀ!"

"ಮುಳುಗ್ದೆ ಇನ್ನೇನು? ನಾಟಕದಲ್ಲಿರೋ ಆ ತಾಯಿ ಒಂದ್ ದಿನಾನಾದ್ರೂ ಎಮುಗೆ ಮೇವು ಹಾಕಿದ್ಲಾ? ಬಾಗ್ಲಲ್ ನಿಂತ್ಕೊಂಡು ಬರೀ ಬೈತಿದ್ಲು. ನಾನ್ ಹಂಗ್ ಬಿಟ್ಬಿಡ್ತೀನಾ? ನನ್ ಮಗ ಅಷ್ಟು ಜನದ್ ಮುಂದೆ ಅಳೋದು ನೋಡಕ್ಕಾಗ್ಲಿಲ್ಲ ಕಣಪ್ಪ."

ದೀಪಕ ಬಣ್ಣ ಕದಡಿದ ಮುಖದಲ್ಲಿ ಅಮ್ಮನನ್ನು ನೋಡಿದ, ನನ್ನನ್ನು ನೋಡಿದ. "ಏನ್ ಮಗಾ ಇದು?" ಎಂದ. ನನಗೇನು ಗೊತ್ತು? ನಾನು ಬರೆದದ್ದು ಹಾಸ್ಯ ನಾಟಕವೋ, ಎಮು ಕಂಪನಿಯ ಜಾಹೀರಾತೋ?

ಭಾನುವಾರ ಟೆಂಪೊ ಬಂತು. ಮರಿಯಮ್ಮ ಗೌರಿಯ ಹಣೆಗೆ ಕುಂಕುಮವಿಟ್ಟು, ಬಾಳೆಹಣ್ಣು ತಿನ್ನಿಸಿದರು. ನಾನು ದೀಪಕನ ಪಕ್ಕೆ ತಿವಿದೆ. "ಬ್ಯಾಡ ಅನ್ನು ಲೇ!"

"ಅಮ್ಮ ನನ್ನ ನಂಬವ್ಳೆ ಗುರು. ಈಗ ಹೆಂಗ್ ಬೇಡ ಅನ್ಲಿ?"

ಮಾರಿದ ಹಸುವಿನ ಹಗ್ಗ ಮನೆಯಲ್ಲೇ ಉಳಿಯಬೇಕೆಂದು ಮರಿಯಮ್ಮ ಅದನ್ನು ಬಿಚ್ಚಿ ಮಗನ ಕೈಗಿತ್ತರು. ಟೆಂಪೊದೊಳಗಿಂದ ಗೌರಿ ನನ್ನತ್ತ ತಲೆ ಎತ್ತಿದಳು. ದೀಪಕ ಹಗ್ಗ ಹಿಡಿದು ಅಳತೊಡಗಿದ, ವೇದಿಕೆಯಲ್ಲಿ ಅತ್ತ ಹಾಗೆಯೇ.

ಮರಿಯಮ್ಮ ಅವನ ಬೆನ್ನು ಸವರಿದರು. "ಅಳ್ಬೇಡ್ವೋ. ಎಮುಗೆ ಮೇವು ಹಾಕಕ್ಕೆ ನಾನಿಲ್ವಾ?"