ಹಾಡಿಗೆ ಮುಂಚಿನ ಉಸಿರು

ಕೆಮ್ಮಿದ, ಅಂದರೆ ತಟ್ಟೆ ಒಳಗೆ ಸರಿಯಿತು, ತಟ್ಟೆ ಸರಿಯುವ ಸದ್ದಿನಲ್ಲೇ ಪ್ಲೇಯರಿನ ಬೆಲೆ ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ ಅಂಗಡಿಯವನು ಪ್ರತಿ ಸಲವೂ ಸರಿಯಾಗಿ ಆ ಹೊತ್ತಿಗೇ ಕೆಮ್ಮುತ್ತಾನೆ, ಪಾಪ, ಗಂಟಲು ಹರಿದುಹೋಗುವ ಹಾಗೆ, ಮೂರು ಸಿ.ಡಿ. ಪ್ಲೇಯರುಗಳ ಮೇಲೆ ಒಂದೇ ಹೂವಿನ ಬೆಡ್‌ಶೀಟು ಹೊದಿಸಿ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಒಂದು ಅಗ್ಗದ್ದು, ಒಂದು ಸ್ಕೂಟರಿನ ಬೆಲೆಯದು, ಒಂದು ಹಳೇ ಕಾರಿನ ಬೆಲೆಯದು, ಯಾವುದು ಯಾವುದೆಂದು ಹೇಳುವುದಿಲ್ಲ, ಸಾರ್ ಈ ಸಲ ನಿಮ್ಮ ಕಿವಿಗೂ ಮಣ್ಣು ಮುಕ್ಕಿಸ್ತೀನಿ ನೋಡ್ತಾ ಇರಿ, ಮೂರಕ್ಕೂ ವಾಲ್ಯೂಮು ಮೀಟರ್ ಹಿಡಿದು ಒಂದೇ ಮಾಡಿದ್ದೀನಿ, ಜೋರಾಗಿರೋದೆಲ್ಲ ಚೆನ್ನಾಗಿ ಕೇಳುತ್ತೆ ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು — ಹೌದು, ಇವರೇ ಹೇಳಿಕೊಟ್ಟದ್ದು, ಶಾಲೆಯಲ್ಲಿ ಕಲಿಸಿದ್ದು ವಿಜ್ಞಾನವಾದರೂ ಊರಿಗೆಲ್ಲ ಇವರು ಕಿವಿ ಮೇಷ್ಟ್ರು, ಯಾರ ಮನೆಗೆ ಸ್ಪೀಕರು ಬಂದರೂ ಇವರು ಹೋಗಿ ಕೇಳಿ ತಲೆ ಆಡಿಸಬೇಕು, ಹೆಂಡತಿ ನಗುತ್ತಿದ್ದಳು, ನನ್ನ ಮಾತೊಂದು ಬಿಟ್ಟು ಲೋಕದ ಸದ್ದೆಲ್ಲ ಕೇಳಿಸುತ್ತೆ ರೀ ನಿಮ್ಮ ಕಿವಿಗೆ, ಸಕ್ಕರೆ ಡಬ್ಬ ತೆಗೆದುಕೊಡಿ ಅಂತ ಎಷ್ಟು ಸಲ ಕೂಗಬೇಕು, ಎನ್ನುತ್ತಾ ತಾನೇ ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಂತು, ಮೇಲಿನ ಕಪಾಟಿಗೆ ಕೈ ಚಾಚುತ್ತಿದ್ದಳು, ಆ ಎರಡು ಹಿಮ್ಮಡಿಗಳು, ಒಡೆದು ಗೆರೆಗೆರೆಯಾಗಿದ್ದವು, ನೆಲದಿಂದ ಎರಡು ಬೆರಳು ಮೇಲೆ — ಸಾರ್, ಒಂದನೇದು, ಶುರು.

ಶುರು ಎಂದರೆ ಮೊದಲು ಹಾಡಲ್ಲ, ಹಾಡಿಗೆ ಮುಂಚೆ ಒಂದಿಷ್ಟು ನಿಶ್ಶಬ್ದ, ಆ ನಿಶ್ಶಬ್ದದಲ್ಲಿ ಒಂದು ಉಸಿರು, ಅವಳ ಉಸಿರು, ಇವರು ಬಂದಿರುವುದೇ ಅದಕ್ಕೆ, ಹಾಡೇನು, ಹಾಡು ಯಾವ ಡಬ್ಬದಲ್ಲಿ ಹಾಕಿದರೂ ಕೇಳುತ್ತದೆ, ಅವಳು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಈ ಒಂದು ಡಿಸ್ಕು, ಇವರೇ ಎರಡು ಮೈಕು ಇಟ್ಟು ಮಹಡಿಯ ಕೋಣೆಯಲ್ಲಿ ಅವಳ ಹಾಡು ಹಿಡಿದದ್ದು, ಮರದ ನೆಲ, ಅವಳು ಬಲಗಡೆ ಕಿಟಕಿಯ ಹತ್ತಿರ, ಇವರು ಎಡಗಡೆ ಮೈಕಿನ ಕೋಲನ್ನು ಕೈಯಲ್ಲಿ ಹಿಡಿದು, ಅದರ ತಿರುಪು ಸಡಿಲ, ಬಿಟ್ಟರೆ ಬೀಳುತ್ತಿತ್ತು, ಮನೆಯ ಹಳೇ ಪ್ಲೇಯರಿನಲ್ಲಿ ಆ ಉಸಿರು ಗೋಡೆಯಾಚೆಯಿಂದ ಬಂದ ಹಾಗೆ, ಆದರೂ ದಿನಾ ಬೆಳಿಗ್ಗೆ ಅದಕ್ಕೆ ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದರು, ಉಸಿರು ಬಂದರೆ ಸಾಕು, ಎಷ್ಟೋ ಸಲ ಹಾಡು ಶುರುವಾಗುವ ಮೊದಲೇ ನಿಲ್ಲಿಸಿ ಹಿಂದಕ್ಕೆ, ಮತ್ತೆ ಉಸಿರು, ಮತ್ತೆ ಹಿಂದಕ್ಕೆ, ಕೊನೆಗೆ ಪ್ಲೇಯರೇ ಕೈಕೊಟ್ಟಿತು, ಸರಿ, ಕೊಳ್ಳುವುದೇ ಆದರೆ ಅವಳು ಪಕ್ಕದಲ್ಲಿ ಕೂತು ಉಸಿರಾಡಿದ ಹಾಗೆ ಕೇಳಿಸುವುದನ್ನೇ ಕೊಳ್ಳೋಣ — ಇದು ಅಗ್ಗದ್ದು, ಬಿಡು, ಉಸಿರು ಪುಸ್ ಎಂದು ಬೂದಿ ಊದಿದ ಹಾಗಿದೆ, ಅಯ್ಯೋ ಸಾರ್ ಇಷ್ಟು ಬೇಗನಾ, ಮತ್ತೆ ಕೆಮ್ಮು, ಎರಡನೇದು, ಆಹಾ, ಇದು ಸ್ಕೂಟರು, ಗೋಡೆ ಇಲ್ಲ, ಉಸಿರಿಗೊಂದು ಬಿಸುಪು ಬಂದಿದೆ, ತಡೆದು ತಡೆದು ಎಳೆದುಕೊಂಡ ಉಸಿರು, ಅವಳಿಗೂ ಭಯವಿತ್ತೇ ಅಂದು, ಹೇಳಲೇ ಇಲ್ಲ, ನನ್ನೆದುರು ಯಾವತ್ತೂ ಹೆದರಿದ್ದು ತೋರಿಸಿದವಳಲ್ಲ, ಇವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಇನ್ನೂ ಹತ್ತಿರ ಬಾ, ಇನ್ನೊಂಚೂರು, ಅಲ್ಲಯ್ಯ, ನಿನಗಲ್ಲ, ಮೂರನೇದು ಹಾಕು, ಕೆಮ್ಮಬೇಡ, ಗೊತ್ತಾಯ್ತು ಬಿಡು, ಹಾಕು.

ಮೂರನೆಯದರಲ್ಲಿ ಕೋಣೆಯೇ ಬಂದು ನಿಂತಿತು, ಬೆಡ್‌ಶೀಟಿನ ಹೂವು, ಅಂಗಡಿಯವನ ಬೋಳುತಲೆ ಎಲ್ಲ ಮಾಯವಾಗಿ ಆ ಮಹಡಿ, ಆ ಕಿಟಕಿ, ಮಧ್ಯಾಹ್ನದ ಬಿಸಿಲಿನ ಪಟ್ಟಿ, ಉಸಿರು ಬಂತು, ಎಷ್ಟು ಹತ್ತಿರ, ಆದರೆ ಎಡಗಡೆ, ಇದೇನು, ಎಡಗಡೆಯಿಂದ, ತೀರಾ ಎಡಗಡೆಯಿಂದ, ಸ್ಪೀಕರಿನ ವೈರು ಅದಲುಬದಲಾಗಿದೆಯಾ ನೋಡಯ್ಯ, ಇಲ್ಲ ಸಾರ್, ಸರಿಯಾಗೇ ಇದೆ, ಮನೆಯಲ್ಲಿ ಎರಡೂ ಸ್ಪೀಕರು ಒಂದರ ಮೇಲೊಂದು ಬೀರುವಿನ ಮೇಲಿದ್ದವು, ಎಡವೂ ಇಲ್ಲ ಬಲವೂ ಇಲ್ಲ, ಇಲ್ಲಿ ಮೊದಲೆರಡರಲ್ಲಿ ದಿಕ್ಕಿನ ಕಡೆ ಗಮನವೇ ಇರಲಿಲ್ಲ, ಈಗ ಅವಳ ದನಿ ಬಲಗಡೆಯಿಂದ ಎದ್ದಿತು, ಕಿಟಕಿಯ ಹತ್ತಿರದಿಂದ, ಉಸಿರು ಮಾತ್ರ ಇಲ್ಲೇ, ಮೂಗಿನ ಸದ್ದಿನೊಂದಿಗೆ, ಗಂಡಸಿನ ಉಸಿರು — ನನ್ನದು, ಮೈಕು ನಿಮ್ಮ ಮೂಗಿನ ಕೆಳಗೇ ಇದೆ ರೀ, ಸ್ವಲ್ಪ ಉಸಿರು ಬಿಗಿ ಹಿಡೀರಿ, ಎಂದಿದ್ದಳು ಅಂದು, ನಾನೇನು ಚಿಕ್ಕ ಮಗುವಾ ಎಂದಿದ್ದರು ಇವರು, ಬಿಗಿ ಹಿಡಿದು ಹಿಡಿದು ತಡೆಯಲಾರದೆ ಎಳೆದುಕೊಂಡ ಉಸಿರು, ದೇವರೇ, ದಿನಾ ಬೆಳಿಗ್ಗೆ ಕಣ್ಣು ತುಂಬಿಕೊಂಡು ಕೇಳಿದ್ದು ನನ್ನದೇ ಉಸಿರನ್ನಾ, ಊರಿಗೆಲ್ಲ ಕಿವಿ ಮೇಷ್ಟ್ರು, ಅವಳಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಗಲಿ, ಆ ನಗು ಕೇಳಿಸಿದರೆ ಸಾಕಿತ್ತು, ಹಾಗಾದರೆ ಅವಳದೆಲ್ಲಿ, ಹಾಡಿನಾಚೆ ಅವಳದೊಂದು ಸದ್ದಾದರೂ ಬೇಡವೇ, ಇರು, ನಿಲ್ಲಿಸಬೇಡ, ಕೊನೆಯವರೆಗೆ ಬಿಡು, ಸಾಲುಗಳು ಮುಗಿಯುತ್ತಾ ಬಂದವು, ಹಾಡುವಾಗ ಅವಳ ಉಸಿರು ಎಲ್ಲೂ ಕೇಳುವುದಿಲ್ಲ, ಅಷ್ಟು ಕಲಿತವಳು, ಕೊನೆಯ ಸಾಲು, ಮೇಲಿನ ಸ್ವರಕ್ಕೆ ಇನ್ನೇನು ಹತ್ತಬೇಕು, ಆಗ ಬಲಗಡೆ, ಕೆಳಗೆ, ನೆಲದ ಹತ್ತಿರ, ಕಿರ್ — ಮರದ ಹಲಗೆ — ಹಾಡುವಾಗ ಯಾಕೆ ಹಿಮ್ಮಡಿ ಎತ್ತುತ್ತೀಯೆ ಎಂದು ಕೇಳಿದ್ದರು, ಮೇಲಿನ ಸ್ವರ ಮೇಲಿರುತ್ತಲ್ಲ ರೀ, ಎಟುಕಬೇಡ್ವಾ ಎಂದಿದ್ದಳು, ಇದು ಅವಳು, ಸಕ್ಕರೆ ಡಬ್ಬಕ್ಕೆ ಕೈ ಚಾಚಿದವಳು, ಸ್ವರ ಮುಟ್ಟಿದಳು, ಹಿಡಿದಳು, ಮೆಲ್ಲಗೆ ಬಿಟ್ಟಳು, ಈಗ ಇಳಿಯಬೇಕು, ಹಲಗೆ ಇನ್ನೊಂದು ಸಲ ಸದ್ದು ಮಾಡಬೇಕು, ಇವರು ಉಸಿರು ಬಿಗಿ ಹಿಡಿದು ಕಾದರು, ಟಕ್ ಎಂದು ಡಿಸ್ಕು ಮುಗಿಯಿತು, ಅಂದು ಹಾಡು ಮುಗಿದದ್ದೇ ತಡ, ಬಂತು ಬಂತು ಚೆನ್ನಾಗಿ ಬಂತು ಎಂದು ನಿಲ್ಲಿಸುವ ಗುಂಡಿ ಒತ್ತಿಬಿಟ್ಟಿದ್ದರಲ್ಲ, ಸಾರ್, ಏನಾಯ್ತು ಸಾರ್, ನೀರು ತರಲಾ, ಬೇಡ, ಯಾವುದು ಕೊಡಲಿ ಸಾರ್, ಇದೇ, ಆದರೆ ಇರು, ಕೊನೇ ಸಾಲು ಇನ್ನೊಂದ್ಸಲ ಹಾಕು, ಮತ್ತೆ ಕಿರ್, ಎರಡು ಹಿಮ್ಮಡಿಗಳು ನೆಲ ಬಿಟ್ಟವು, ಗೆರೆಗೆರೆಯ ಹಿಮ್ಮಡಿಗಳು, ಎರಡು ಬೆರಳು ಮೇಲೆ, ಟಕ್, ಇನ್ನೊಂದ್ಸಲ, ಕಿರ್, ನೆಲ ಬಿಟ್ಟವು, ಅಲ್ಲೇ ಇವೆ, ಇಳಿದಿಲ್ಲ