ನೋಡಿಕೊಂಡವರಿಗೆ

"ಬಹುವಚನವೋ, ಗೌರವವೋ? ಇವತ್ತಾದ್ರೂ ಹೇಳಿಬಿಡಿ," ಎಂದರು ವಕೀಲರು.

ಪಂಡಿತ ಗಂಟಲು ಸರಿಮಾಡಿಕೊಂಡ. ಕಾಲೇಜಿನಲ್ಲಿ ವ್ಯಾಕರಣ ಪಾಠ ಮಾಡುವ ಅವನನ್ನು ಮನೆಯಲ್ಲಿ ಚಿಕ್ಕಂದಿನಿಂದಲೂ ಪಂಡಿತ ಎಂದೇ ಕರೆಯುತ್ತಿದ್ದರು. ಆಗ ಅದು ಗೇಲಿ. ಈಗ ಕೆಲಸಕ್ಕೆ ಬಂದಿತ್ತು. ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ತಮ್ಮ. ಮೇಜಿನ ಮೇಲೆ ಅಪ್ಪನ ಉಯಿಲು. ಕೊನೆಯ ದಿನಗಳಲ್ಲಿ ಅವರೇ ಕೈಯಾರೆ ಬರೆದ ಒಂದೇ ವಾಕ್ಯ: 'ಈ ಮನೆ ನನ್ನನ್ನು ನೋಡಿಕೊಂಡವರಿಗೆ ಸೇರತಕ್ಕದ್ದು.'

ನೋಡಿಕೊಂಡವರಿಗೆ. ಬಹುವಚನ ಎಂದರೆ ಮನೆ ಮೂವರಿಗೂ ಸೇರುತ್ತದೆ. ಗೌರವಕ್ಕೆ ಹಾಕಿದ್ದು ಎಂದರೆ ಒಬ್ಬರಿಗೆ, ಅಂದರೆ ಅಕ್ಕನಿಗೆ. ಹೊಲಿಗೆ ಮೆಷಿನ್ನನ್ನು ಅಪ್ಪನ ಮಂಚದ ಪಕ್ಕಕ್ಕೆ ಎಳೆದುಕೊಂಡು, ಹೊಲಿಯುತ್ತಲೇ ವರ್ಷಗಟ್ಟಲೆ ಅವರ ಮಗ್ಗುಲು ಬದಲಿಸಿದವಳು ಅವಳು.

"ಮಗಳಿಗೆ ಯಾರಾದ್ರೂ ಬಹುವಚನ ಹಾಕ್ತಾರಾ?" ಎಂದ ತಮ್ಮ. ನಲ್ಲಿ, ಪೈಪುಗಳ ಅಂಗಡಿ ಅವನದು. ಬಾಯಿಯೂ ಹಾಗೇ, ತಿರುಗಿಸಿದರೆ ನಿಲ್ಲುವುದು ಕಷ್ಟ. "ಅಕ್ಕನಿಗೆ ಅಂತಿದ್ರೆ 'ನೋಡಿಕೊಂಡವಳಿಗೆ' ಅಂತ ಬರೀತಿದ್ರು. ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿ ಬದುಕಿದವರು ಅಪ್ಪ. ಒಂದಕ್ಷರ ಆಚೀಚೆ ಆಗೋಕೆ ಬಿಡ್ತಿದ್ರಾ? ಬಚ್ಚಲಲ್ಲಿ ಹಿಡಿಕೆ ಹಾಕಿಸಿದ್ದು ನಾನು. ಅದೂ ನೋಡ್ಕೊಂಡ ಹಾಗೇ ಅಲ್ವಾ?"

"ಆ ಹಿಡಿಕೆವರೆಗೆ ನಡೆಸಿಕೊಂಡು ಹೋಗ್ತಿದ್ದದ್ದು ಯಾರು?" ಎಂದಳು ಅಕ್ಕ.

"ನೀನಲ್ಲ ಅಂದ್ನಾ?"

"ಅಂದ ಹಾಗೇ ಇತ್ತು."

ಇದನ್ನು ಕೇಳುತ್ತಾ ಪಂಡಿತನ ಎದೆ ತುಂಬಿ ಬಂತು. ಅಪ್ಪ ಹೋದ ಮೇಲೆ ಗುರುವಾರ ಬಂತೆಂದರೆ ಮೂವರೂ ಇಲ್ಲಿ ಸಾಲಾಗಿ ಕೂರುತ್ತಿದ್ದರು. ಅದಕ್ಕೆ ಮೊದಲು ಒಟ್ಟಿಗೆ ಕೂತದ್ದು ಯಾವಾಗಲೋ, ಅವನಿಗೆ ನೆನಪೇ ಇರಲಿಲ್ಲ. ಈಗ ತಮ್ಮ ವಾರದ ನಡುವೆ ಫೋನ್ ಮಾಡಿ, "ಅಣ್ಣ, ಪುಸ್ತಕದಲ್ಲಿ ಏನಾದ್ರೂ ಸಿಕ್ತಾ?" ಎಂದು ಕೇಳುತ್ತಿದ್ದ. ಅಕ್ಕ ಪಂಡಿತನ ಅಂಗಿಯ ಗುಂಡಿ ಜೋತುಬಿದ್ದದ್ದು ಕಂಡು, ವಕೀಲರ ಎದುರೇ ಬಯ್ಯುತ್ತಾ, ಚೀಲದಿಂದ ಸೂಜಿ ತೆಗೆದು ಹೊಲಿದುಕೊಟ್ಟಿದ್ದಳು.

ಕಾಲೇಜಿನಲ್ಲಿ ಹುಡುಗರು ಅವನ ಪಾಠಕ್ಕೆ ಬರುತ್ತಿದ್ದದ್ದು ಹಾಜರಿಗಾಗಿ. ಬಾಡಿಗೆ ಕೋಣೆಯಲ್ಲಿ ಅವನನ್ನು ಮಾತಾಡಿಸುವವರೇ ಇರಲಿಲ್ಲ. ಇಲ್ಲಿ ಅವನು ಬಾಯಿ ತೆರೆದರೆ ಮೂರು ಜನ ಉಸಿರು ಬಿಗಿಹಿಡಿಯುತ್ತಿದ್ದರು. ಒಂದು ಪ್ರತ್ಯಯ ಅವನಿಗೆ ಸಂಸಾರವನ್ನೇ ಕೊಟ್ಟಿತ್ತು. ಅಪ್ಪ ಬದುಕಿದ್ದಾಗ ಹೇಳಲಾಗದಿದ್ದ ಕೃತಜ್ಞತೆ ಅವನಿಗೆ ಈಗ ಅವರ ಮೇಲೆ ಉಕ್ಕುತ್ತಿತ್ತು.

ತೊಂದರೆ ಒಂದೇ. ಉತ್ತರ ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಅಪ್ಪನ ಕೊನೆಗಾಲದ ಒಂದು ಭಾನುವಾರ ಅವನು ಹೋಗಿ ಮಂಚದ ಬಳಿ ಸುಮ್ಮನೆ ಕೂತಿದ್ದ. ಅಕ್ಕ ಅಪ್ಪನ ಬಾಯಿ ಒರೆಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಇವನ ಕಡೆ ಬಾಗಿದರು. "ಅವರು ಬಹಳ ಒಳ್ಳೆಯವರು. ಯಾರ ಮನೆಯವರೋ ಏನೋ, ನನ್ನನ್ನ ಎಷ್ಟು ಚೆನ್ನಾಗಿ ನೋಡ್ಕೋತಾರೆ," ಎಂದರು. ಆಮೇಲೆ ಸಂಕೋಚದಿಂದ, "ತಾವು ಯಾರು, ಗೊತ್ತಾಗ್ಲಿಲ್ಲ," ಎಂದರು.

ಗೌರವದ ಪ್ರತ್ಯಯವೇ ಸರಿ, ಸಂಶಯವಿಲ್ಲ. ಆದರೆ ಹೇಳಿದರೆ ಗುರುವಾರಗಳು ಮುಗಿದವು. ಹೇಳದಿರಲು ಅವನು ಒಂದು ಕರುಣೆಯ ಕಾರಣವನ್ನೂ ಹುಡುಕಿಟ್ಟುಕೊಂಡಿದ್ದ: ಅಪ್ಪನಿಗೆ ನಿನ್ನ ಗುರುತೇ ಸಿಗುತ್ತಿರಲಿಲ್ಲ ಎಂದು ಅಕ್ಕನ ಮುಖಕ್ಕೆ ಹೇಳುವುದು ಹೇಗೆ? ಕಾರಣ ಚೆನ್ನಾಗಿತ್ತು. ರಾತ್ರಿ ನಿದ್ದೆಯೂ ಬರುತ್ತಿತ್ತು.

"ಎರಡೂ ಸಾಧ್ಯ," ಎಂದ. "ಇನ್ನೊಂದು ಹಳೆಯ ವ್ಯಾಕರಣ ನೋಡ್ಬೇಕು. ಮುಂದಿನ ಗುರುವಾರ..."

"ಹೋದ ವಾರವೂ ಹಳೆಯದೇ ನೋಡಿದ್ರಿ," ಎಂದರು ವಕೀಲರು.

"ಇದು ಅದಕ್ಕಿಂತ ಹಳೆಯದು."

"ಸಾಕು ಬಿಡೋ ಪಂಡಿತ," ಎಂದಳು ಅಕ್ಕ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೊನೆಕೊನೆಗೆ ಅಪ್ಪ ನನ್ನನ್ನ ನೀವು ಅಂತಿದ್ರು. ಗುರುತು ಸಿಗ್ತಿರ್ಲಿಲ್ಲ. ಸಂಜೆ ಆದ್ರೆ ಒಂದೇ ವರಾತ. 'ತಡ ಆಯ್ತು, ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಿ' ಅಂತ. ನಾನು ಹೊರಡೋವರೆಗೂ ಕಣ್ಣು ಮುಚ್ತಿರ್ಲಿಲ್ಲ. ಬರ್ತೀನಿ ಅಂತ ಹೇಳಿ ಚೀಲ ತಗೊಂಡು ಮುಂದಿನ ಬಾಗಿಲಿಂದ ಹೋಗೋದು, ಹಿಂದಿನ ಬಾಗಿಲಿಂದ ಬರೋದು."

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. "ಇದು ನನ್ನ ಕಿವಿಗೆ ಬಿದ್ದಿಲ್ಲ. ಬಿದ್ರೆ ಬುದ್ಧಿ ಸ್ವಾಧೀನದಲ್ಲಿರ್ಲಿಲ್ಲ ಅಂತ ಉಯಿಲೇ ನಿಲ್ಲೋದಿಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಕ್ಕ?" ಎಂದ ತಮ್ಮ. ಅವನ ದನಿ ಇಳಿದಿತ್ತು.

"ಏನಂತ ಹೇಳ್ಲಿ? ಮೊದಮೊದಲು ಅಳು ಬರ್ತಿತ್ತು. ಆಮೇಲೆ ಅನ್ನಿಸ್ತು, ಮಗಳು ಅಂದ್ಕೊಂಡಿದ್ರೆ ಸುಮ್ನೆ ಮಾಡಿಸ್ಕೋತಿದ್ರು. ಯಾರೋ ಅಂದ್ಕೊಂಡಿದ್ದಕ್ಕೆ ದಿನಾ ನಿಮ್ಮಿಂದ ಉಪಕಾರ ಆಯ್ತು, ಉಪಕಾರ ಆಯ್ತು ಅಂತಿದ್ರು. ಹೆತ್ತವರ ಬಾಯಲ್ಲಿ ಯಾರಿಗೆ ಸಿಗತ್ತೆ ಅದು? ನಂಗೆ ಸಿಕ್ತು."

ತಮ್ಮ ತೋಳಿನಿಂದ ಮುಖ ಒರೆಸಿಕೊಂಡ. "ಬರ್ಕೊಳ್ಳಿ ವಕೀಲ್ರೇ. ಮನೆ ಅಕ್ಕನಿಗೆ." ಅಕ್ಕನತ್ತ ನೋಡಿ, "ಆ ಹಿಂದಿನ ಬಾಗಿಲು ಕಿರುಗುಟ್ಟತ್ತೆ ಅಕ್ಕ. ಬಂದು ಸರಿಮಾಡ್ಕೊಡ್ತೀನಿ," ಎಂದ.

"ಅಪ್ಪನ ಕಿವಿ ಮಂದ ಇತ್ತು, ಬಚಾವಾದೆ," ಎಂದು ಅಕ್ಕ ಅಳುತ್ತಲೇ ನಕ್ಕಳು.

ಇಬ್ಬರೂ ಪಂಡಿತನ ಕಡೆ ತಿರುಗಿದರು.

"ಗೌರವ," ಎಂದ ಅವನು. ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಕಾಗಿರಲಿಲ್ಲ.

ಒಪ್ಪಿಗೆ ಪತ್ರ ಟೈಪಾಯಿತು. ಸಹಿಗಳಾದವು. ತಮ್ಮ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿದ. ಅಕ್ಕ ಹೇಳಿದಳು: "ನೀನು ಇಷ್ಟು ವಾರ ಎಳೆದದ್ದೇ ಒಳ್ಳೇದಾಯ್ತು ಕಣೋ. ಮೊದಲ ದಿನವೇ ಹೀಗೆ ಅಂತ ಹೇಳಿಬಿಟ್ಟಿದ್ರೆ ನಾವಿಬ್ರೂ ಕೋರ್ಟು ಮೆಟ್ಟಿಲು ಹತ್ತಿರ್ತಿದ್ವಿ. ನಿನ್ನಿಂದ ಉಪಕಾರ ಆಯ್ತು."

"ಛೆ, ನಂದೇನಿದೆ," ಎಂದ.

"ಅಣ್ಣ, ನೀನು ಬಸ್ಸಲ್ಲಿ ಹೋಗ್ತೀಯಲ್ಲ? ಸ್ಕೂಟರಲ್ಲಿ ಅಕ್ಕನ್ನ ಬಿಡ್ತೀನಿ."

"ಹೂಂ, ನೀವು ಹೊರಡಿ."

"ಒಂದಿನ ಮನೆಗೆ ಬಾ," ಎಂದಳು ಅಕ್ಕ ಮೆಟ್ಟಿಲಿಳಿಯುತ್ತಾ. ಯಾವ ದಿನ ಎಂದು ಹೇಳಲಿಲ್ಲ. ಪಂಡಿತ ಕಿಟಕಿಯಿಂದ ನೋಡಿದ. ತಮ್ಮನ ಹೆಗಲ ಮೇಲೆ ಕೈಯಿಟ್ಟು ಅಕ್ಕ ಏನೋ ಹೇಳುತ್ತಿದ್ದಳು, ಅವನು ತಲೆ ಹಿಂದೆ ಚಾಚಿ ಕೇಳಿಸಿಕೊಳ್ಳುತ್ತಿದ್ದ. ಗಾಡಿ ತಿರುವಿನಲ್ಲಿ ಮರೆಯಾಯಿತು. ಪಂಡಿತನಿಗೆ ನಿಜಕ್ಕೂ ಸಂತೋಷವಾಗಿತ್ತು. ಅಕ್ಕನಿಗೆ ಮನೆ ಸಿಕ್ಕಿದ್ದಕ್ಕೆ, ತಮ್ಮ ಸಣ್ಣವನಾಗದೆ ಉಳಿದದ್ದಕ್ಕೆ, ಯಾರಿಗೆ ಎಂದು ತಿಳಿಯದೆ ಮನಸ್ಸಿನಲ್ಲೇ ವಂದನೆ ಹೇಳಿದ. ಹೊರಡಬೇಕೆಂದುಕೊಂಡು ಹೊರಕೋಣೆಯ ಬೆಂಚಿನ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಇನ್ನೊಂದು ಕುಟುಂಬ ಬಂತು. ಇಬ್ಬರು ಹೆಂಗಸರು, ಫೈಲು ಹಿಡಿದ ಒಬ್ಬ ಗಂಡಸು. "ಸ್ವಲ್ಪ ಸರೀತೀರಾ?" ಎಂದರು. ಸರಿದ. ಅತ್ತ ಒಬ್ಬಳು, ಇತ್ತ ಇಬ್ಬರು ಕೂತರು.

"ಅಮ್ಮ ಆ ಕಪಾಟು ನಂಗೆ ಅಂತ ಬಾಯ್ಬಿಟ್ಟು ಹೇಳಿದ್ರು."

"ನಿಂಗೆ ಯಾವಾಗ ಹೇಳಿದ್ರು? ನೀನು ಬರ್ತಿದ್ದದ್ದೇ ಯಾವಾಗ?"

ಮಾತು ಪಂಡಿತನನ್ನು ದಾಟಿ ಆಚೆ ಹೋಗುತ್ತಿತ್ತು, ಈಚೆ ಬರುತ್ತಿತ್ತು. ಅವನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಲೆ ತಿರುಗಿಸಿ ಕೇಳುತ್ತಿದ್ದ. "ನೀವೇ ಹೇಳಿ, ಇದು ನ್ಯಾಯಾನಾ?" ಎಂದಳು ಪಕ್ಕದವಳು, ಅವನ ಮೊಣಕೈ ತಟ್ಟಿ. ಅವನು ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

ಒಳಬಾಗಿಲು ತೆರೆಯಿತು. ಗುಮಾಸ್ತ ಇಣುಕಿ ನೋಡಿ, "ಮನೆಯವರೆಲ್ಲ ಒಳಗೆ ಬನ್ನಿ," ಎಂದ.

ಎಲ್ಲರಿಗಿಂತ ಮೊದಲು ಪಂಡಿತ ಎದ್ದು ನಿಂತ.